ಹಾಲಪ್ಪ ಮಾಸ್ತರರ ಹಾಜರಿ

ಮೆಣಸಿನಕಾಯಿ ವ್ಯಾಪಾರ ಜೋರಾಗಿ ನಡೆಯುವ ಒಂದು ಪೇಟೆಯಲ್ಲಿ ಮುರಿಗೆಪ್ಪ ಎಂಬ ಸಾಹುಕಾರನಿದ್ದ. ಪೇಟೆಯ ಹೆಸರು ಬೇಡ. ಹೇಳಿದರೆ ನೀವು ಕಥೆ ಬಿಟ್ಟು ಊರನ್ನು ಹಿಡಿದುಕೊಳ್ಳುತ್ತೀರಿ. ನಮ್ಮೂರಲ್ಲವಲ್ಲ ಎಂದು ನೆಮ್ಮದಿಯಾಗಿ ಗೋಡೆಗೆ ಒರಗಿ ಕೂರುತ್ತೀರಿ. ಒರಗುವುದು ಬೇಡ, ಸ್ವಲ್ಪ ನೆಟ್ಟಗೆ ಕೂತು ಕೇಳಿ.

ಮುರಿಗೆಪ್ಪನಿಗೆ ಎರಡು ಕೋಲ್ಡ್ ಸ್ಟೋರೇಜ್ ಇದ್ದವು. ಮಾರ್ಕೆಟ್ಟಿಗೆ ಕಾಲಿಟ್ಟರೆ ದಲಾಲರು ಎದ್ದು ನಿಲ್ಲುತ್ತಿದ್ದರು. ಜೊತೆಗೆ ಕುಡಿತವೂ ಇತ್ತು. ಹಮಾಲ ಕುಡಿದರೆ ನಾವು ಏನನ್ನುತ್ತೇವೆ? ಕುಡುಕ ಅನ್ನುತ್ತೇವೆ. ಸಾಹುಕಾರ ಕುಡಿದರೆ? 'ಸ್ವಲ್ಪ ತಗೋತಾರ' ಅನ್ನುತ್ತೇವೆ. ಹಾಗೆ ಸ್ವಲ್ಪ ಸ್ವಲ್ಪ ತೆಗೆದುಕೊಳ್ಳುತ್ತ ಅವನಿಗೆ ಐವತ್ತು ವರ್ಷ ದಾಟಿತು.

ಒಂದು ಬೆಳಗಿನ ಜಾವ ಗೆಳೆಯರ ತೋಟದಿಂದ ಕುಡಿದ ಮತ್ತಿನಲ್ಲೇ ಕಾರು ಓಡಿಸಿಕೊಂಡು ಬರುತ್ತಿದ್ದ. ಮುನ್ಸಿಪಾಲಿಟಿಯ ದುರ್ಗವ್ವ ಬಸ್‌ಸ್ಟ್ಯಾಂಡ್ ರಸ್ತೆ ಗುಡಿಸುತ್ತಿದ್ದಳು. ಇವನಿಗೆ ಅವಳು ಕಾಣಲಿಲ್ಲ. ಕಾರಿನ ಚಕ್ರ ಅವಳ ಪಾದದ ಮೇಲೆ ಹರಿಯಿತು. ದವಾಖಾನೆಯಲ್ಲಿ ಜೀವ ಉಳಿಯಿತು, ಪಾದ ಉಳಿಯಲಿಲ್ಲ.

ಕೋರ್ಟಿನಲ್ಲಿ ಅವನು ತಪ್ಪು ಒಪ್ಪಿಕೊಂಡ. ಹಿಂದೆ ಯಾವ ಕೇಸೂ ಇರಲಿಲ್ಲ. ನ್ಯಾಯಾಧೀಶರು ದುರ್ಗವ್ವನನ್ನೂ ಕೇಳಿದರು. ಅವಳು ಊರುಗೋಲನ್ನು ಬೆಂಚಿಗೆ ಒರಗಿಸಿ ಕೂತಿದ್ದಳು, ಎದ್ದು ನಿಲ್ಲಲು ಹೋದಾಗ ಕೂತೇ ಹೇಳು ಎಂದರು. "ಇವ್ರನ್ನ ಜೈಲಿಗೆ ಹಾಕಿದ್ರ ನನ್ನ ಕಾಲು ಬರಾಂಗಿಲ್ರಿ," ಎಂದಳು. "ಇವ್ರು ಕುಡಿಯೋದು ಬಿಡಬೇಕು. ನಾಳೆ ಬ್ಯಾರೆ ಯಾರರ ರಸ್ತಾ ಗುಡಿಸ್ತಿರ್ತಾರ."

ಅವಳ ಮಾತಿನ ಮೇಲೆ ತೀರ್ಪು ಬಂತು. ಜೈಲಿಲ್ಲ, ಆದರೆ ಒಂದು ವರ್ಷ ಪ್ರೊಬೇಷನ್. ಅಧಿಕಾರಿಯ ಕಣ್ಣಳತೆಯಲ್ಲಿ ಇರಬೇಕು, ಒಂದು ಹನಿಯನ್ನೂ ಮುಟ್ಟಬಾರದು. ಗೆಳೆಯರು ಬಾಟಲಿ ಹಿಡಿದು ಬರುವ ಸ್ವಂತ ಮನೆಯಲ್ಲಿ ಇರಕೂಡದು. ಕುಡಿತ ಬಿಟ್ಟವರು ಒಟ್ಟಿಗೆ ಬದುಕುವ, ಅಧಿಕಾರಿ ಒಪ್ಪಿದ ಒಂದು ಮನೆಯಲ್ಲೇ ಇರಬೇಕು. ತಪ್ಪಿದರೆ ಜೈಲು ಇದ್ದೇ ಇದೆ.

ಇಲ್ಲಿ ಸ್ವಲ್ಪ ನಿಲ್ಲೋಣ. ನ್ಯಾಯಾಲಯ ಅವನಿಗೆ, ನೀನು ಎಷ್ಟು ಒಳ್ಳೆಯವನು ಎಂದು ಕೇಳಲಿಲ್ಲ. ಎಲ್ಲಿ ಇರುತ್ತೀಯ, ಯಾರ ಜೊತೆ ಇರುತ್ತೀಯ ಎಂದು ಕೇಳಿತು. ನಾವು ಈ ಪ್ರಶ್ನೆಯನ್ನು ನಮ್ಮ ಮಕ್ಕಳಿಗೆ ಕೇಳುತ್ತೇವೆ. ನಮಗೆ ನಾವು ಕೇಳಿಕೊಳ್ಳುತ್ತೇವೆಯೇ?

ಪ್ರೊಬೇಷನ್ ಅಧಿಕಾರಿ ನದಾಫ್ ಮೇಡಂ ಅವನ ಮುಂದೆ ಎರಡು ಮನೆಗಳನ್ನಿಟ್ಟರು. ಹೆಂಡತಿ ಶಕುಂತಲಾ ಜೊತೆಗೆ ನೋಡಲು ಹೊರಟಳು.

ಮೊದಲನೆಯದು ಗೂಡ್ಸ್ ಶೆಡ್ಡಿನ ಹಿಂದಿನ ಓಣಿಯಲ್ಲಿತ್ತು. ನೀಲಗಂಗವ್ವ ಎಂಬ ನಿವೃತ್ತ ನರ್ಸ್ ನಡೆಸುವ ಮನೆ. ಅಂಗಳದಲ್ಲಿ ಒಬ್ಬ ಬೆಳ್ಳುಳ್ಳಿ ಬಿಡಿಸುತ್ತಿದ್ದ, ಇನ್ನೊಬ್ಬ ರೊಟ್ಟಿ ಬಡಿಯಲು ಕಲಿಯುತ್ತಿದ್ದ, ಇಬ್ಬರು ಯಾವುದೋ ಮಾತಿಗೆ ಜಗಳಾಡುತ್ತಿದ್ದರು. ನೀಲಗಂಗವ್ವ ಸಾಹುಕಾರನಿಗೆ ನಮಸ್ಕಾರ ಮಾಡಲಿಲ್ಲ. ಹತ್ತಿರ ಬಂದು, ಬಾಯಿ ತೆರೆದು ಉಸಿರು ಬಿಡಿ ಎಂದಳು. ಹೊರಗೆ ಹೋದರೆ ಎಲ್ಲಿಗೆ, ಯಾರ ಹತ್ತಿರ ಎಂದು ಹೇಳಿ ಹೋಗಬೇಕು, ಬಂದಾಗ ಹೀಗೇ ಉಸಿರು ಬಿಡಬೇಕು, ಪಾಳಿಯ ಪ್ರಕಾರ ಅಡಿಗೆ ಮಾಡಬೇಕು ಎಂದಳು. ಮುರಿಗೆಪ್ಪನ ಕಿವಿ ಕೆಂಪಾದವು. ಶಕುಂತಲಾ ಮಾತ್ರ ಓಣಿಯಲ್ಲೇ ನಿಂತು ಹೇಳಿದಳು: "ಇಲ್ಲೇ ಇರ್ರಿ. ಈ ಹೆಣ್ಮಗಳು ನಿಮ್ಮನ್ನ ಬಿಡಾಂಗಿಲ್ಲ."

ಎರಡನೆಯದು ಊರ ಹೊರಗಿನ ದೊಡ್ಡ ಬಂಗಲೆ. ಆನಂದ ನಿಲಯ ಎಂದು ಹೆಸರು. ಮೇಲ್ವಿಚಾರಕ ಶ್ರೀಪಾದ ಬಹಳ ಮೆತ್ತಗೆ ಮಾತನಾಡುತ್ತಿದ್ದ, ಕೇಳಿಸಿಕೊಳ್ಳಲು ಬಗ್ಗಬೇಕಿತ್ತು. ಇಲ್ಲಿ ನಿಮ್ಮನ್ನು ಯಾರೂ ಏನೂ ಕೇಳುವುದಿಲ್ಲ ಎಂದ. ಸಂಜೆ ಒಮ್ಮೆ ಹೆಸರು ಕರೆದು, ಎಲ್ಲರ ದನಿಯನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಮೇಡಂಗೆ ಕಳಿಸುತ್ತೇವೆ, ಅಲ್ಲಿಗೆ ಮುಗಿಯಿತು ಎಂದ. ವರಾಂಡದಲ್ಲಿ ಕೆಲವು ಗಂಡಸರು ಸಾಲಾಗಿ ಕೂತಿದ್ದರು. ಶಕುಂತಲಾ ಅವರಿಗೆ ಕೈಮುಗಿದಳು. ಅವರು ತುಸು ತಡವಾಗಿ, ಎಲ್ಲರೂ ಒಟ್ಟಿಗೇ ತಲೆಯೆತ್ತಿ ನಕ್ಕರು. ಅವಳು ಗಂಡನ ತೋಳು ಹಿಡಿದು, ಹೋಗೋಣ ನಡೀರಿ ಎಂದಳು.

ಅವನು ಯಾವುದನ್ನು ಆರಿಸಿದ? ಹೇಳಬೇಕಾಗಿಲ್ಲ, ನಿಮಗೇ ಗೊತ್ತು. ಯಾಕೆ ಗೊತ್ತು? ನೀವಾಗಿದ್ದರೂ ಅದನ್ನೇ ಆರಿಸುತ್ತಿದ್ದಿರಿ. ನದಾಫ್ ಮೇಡಂ ಇಷ್ಟೇ ಹೇಳಿದರು: "ಕಾಗದಪತ್ರ ಎರಡೂ ಕಡೆ ಸರಿ ಅದಾವ. ಆರಿಸೋರು ನೀವು."

ಆನಂದ ನಿಲಯದಲ್ಲಿ ಅವನಿಗೆ ಹಿತ್ತಲ ಕಡೆಯ ಕೋಣೆ ಕೊಟ್ಟರು. ಹಾಸಿಗೆ ಬೆಳ್ಳಗೆ, ಮಡಿಯಾಗಿತ್ತು. ಆದರೆ ಗೂಟದಲ್ಲಿ ಒಂದು ಕಂದು ಶಾಲು ತೂಗುತ್ತಿತ್ತು, ಕಿಟಕಿಯ ಕಟ್ಟೆಯ ಮೇಲೆ ಒಂದು ಕನ್ನಡಕ, ಬಾಗಿಲ ಬಳಿ ಸವೆದ ಚಪ್ಪಲಿ. ಯಾರವು ಎಂದು ಕೇಳಿದ. ಹಾಲಪ್ಪ ಮಾಸ್ತರರವು, ರಿಟೈರ್ ಆದ ಸಾಲಿ ಮಾಸ್ತರರು, ಹೊರಗೆ ಹೋಗಿದ್ದಾರೆ, ಬರುತ್ತಾರೆ ಎಂದ ಶ್ರೀಪಾದ. ಚಪ್ಪಲಿ ಇಲ್ಲೇ ಬಿಟ್ಟು ಹೋಗಿದ್ದಾರಲ್ಲ ಎಂದು ಕೇಳುವಷ್ಟರಲ್ಲಿ ಶ್ರೀಪಾದ ಒಂದು ಥರ್ಮಾಸ್ ತಂದಿಟ್ಟ. ಚಹಾ, ದಣಿದಿರುತ್ತೀರಿ ಎಂದು ಬಾಗಿಲು ಎಳೆದುಕೊಂಡು ಹೋದ.

ಮುರಿಗೆಪ್ಪ ಮುಚ್ಚಳ ತೆಗೆದ. ಅದು ಚಹಾ ಆಗಿರಲಿಲ್ಲ. ವಾಸನೆ ಮೂಗಿಗೆ ಬಡಿದ ಕೂಡಲೇ ಬಾಯಲ್ಲಿ ನೀರೂರಿತು. ದುರ್ಗವ್ವನ ಊರುಗೋಲು ಕಣ್ಣ ಮುಂದೆ ಬಂತು, ಬಂದದ್ದು ಹೋಯಿತು. ಇವತ್ತೊಂದು ದಿನ ಅಂದುಕೊಂಡ. ಕುಡಿದ.

ಸಂಜೆ ದೀಪ ಹಚ್ಚುವ ಮೊದಲೇ ಎಲ್ಲರನ್ನೂ ಪಡಸಾಲೆಗೆ ಕರೆದರು. ಗೋಡೆಯ ಕಡೆ ಮುಖ ಮಾಡಿ ಸಾಲಾಗಿ ಕೂರಬೇಕು, ಅದು ಅಲ್ಲಿಯ ಪದ್ಧತಿ. ಶ್ರೀಪಾದ ಮೊಬೈಲ್ ಹಿಡಿದು ನಡುವೆ ನಿಂತು ಮೆತ್ತಗೆ ಹೆಸರು ಕರೆಯುತ್ತಿದ್ದ. ಒಬ್ಬೊಬ್ಬರೇ "ಅದೀನ್ರಿ" ಎಂದು ಹಾಜರಿ ಹೇಳಿದರು. ಮುರಿಗೆಪ್ಪನೂ ಅಂದ. ಕೊನೆಗೆ ಶ್ರೀಪಾದ, "ಹಾಲಪ್ಪ ಮಾಸ್ತರ" ಎಂದು ಕರೆದು ನಿಂತ.

ಯಾರೂ ಮಾತಾಡಲಿಲ್ಲ. ಶ್ರೀಪಾದ ಎರಡನೇ ಸಲ ಕರೆಯಲಿಲ್ಲ. ಸುಮ್ಮನೆ ಕಾದ. ಪಡಸಾಲೆಯಲ್ಲಿ ಉಸಿರಾಟ ಮಾತ್ರ ಕೇಳುತ್ತಿತ್ತು. ಮುರಿಗೆಪ್ಪನಿಗೆ ಆ ಮೌನ ಕುತ್ತಿಗೆಯ ಮೇಲೆ ಕೈಯಿಟ್ಟು ಒತ್ತುತ್ತಿದ್ದ ಹಾಗೆ, ಯಾರಾದರೂ ಏನಾದರೂ ಹೇಳಬಾರದೇ ಎಂದು ಕೂಗಬೇಕು ಅನ್ನಿಸಿತು. ಆಗ ಅವನ ಬೆನ್ನ ಹಿಂದಿನಿಂದ, ಕಿವಿಗೆ ತೀರ ಹತ್ತಿರದಲ್ಲಿ, ಒಂದು ದನಿ ಬಂತು.

"ಅದೀನ್ರಿ."

ತಿರುಗಿ ನೋಡಿದ. ಹಿಂದೆ ಯಾರೂ ಇರಲಿಲ್ಲ. ಖಾಲಿ ನೆಲ, ಆಚೆ ಬಾಗಿಲು. ಪಕ್ಕದಲ್ಲಿದ್ದ ಮುದುಕನನ್ನು ಹೆದರಿ ಕೇಳಿದ, ಯಾರದು ಆ ದನಿ ಎಂದು. ಮುದುಕ ಗೋಡೆಯಿಂದ ಕಣ್ಣು ತೆಗೆಯಲಿಲ್ಲ. ಹಾಲಪ್ಪ ಮಾಸ್ತರರು ಹಾಜರಿ ಹೇಳಿದರಲ್ಲ, ನಿಮಗೆ ಕೇಳಲಿಲ್ಲವೇ ಎಂದ.

ಊಟಕ್ಕೆ ಕೂತಾಗ ಒಂದು ತಟ್ಟೆ ಹೆಚ್ಚಿಗೆ ಇಟ್ಟಿದ್ದರು. ಅದಕ್ಕೂ ಅನ್ನ ಬಡಿಸಿದರು, ಸಾರು ಹಾಕಿದರು. ಆ ಜಾಗದಲ್ಲಿ ಯಾರೂ ಕೂರಲಿಲ್ಲ. ಎಲ್ಲರ ಊಟ ಮುಗಿದ ಮೇಲೆ ಆ ತಟ್ಟೆಯನ್ನೂ ಎತ್ತಿಕೊಂಡು ಹೋಗಿ ತೊಳೆದಿಟ್ಟರು.

ಹಿಂದೆ ಕೂತ ತಾಯಂದಿರಿಗೆ ಕೇಳಿಸುತ್ತಿದೆಯೇ? ಹೆದರಬೇಡಿ, ನಾನು ದೆವ್ವದ ಕಥೆ ಹೇಳುತ್ತಿಲ್ಲ. ದೆವ್ವದ ಕಥೆಯಾಗಿದ್ದರೆ ತಾಯಿತ ಕಟ್ಟಿಸಿಕೊಂಡು ಆರಾಮಾಗಿ ಇರಬಹುದಿತ್ತು.

ದಿನಗಳು ಹೀಗೇ ಹೋದವು. ಮಧ್ಯಾಹ್ನ ಥರ್ಮಾಸ್ ಬರುತ್ತಿತ್ತು, ಅದರ ದುಡ್ಡನ್ನು ಶ್ರೀಪಾದ ಬೇರೆಯಾಗಿ ತೆಗೆದುಕೊಳ್ಳುತ್ತಿದ್ದ. ಸಂಜೆ ಹಾಜರಿ ನಡೆಯುತ್ತಿತ್ತು. ದಿನವೂ ಅದೇ ಮೌನ, ಬೆನ್ನ ಹಿಂದೆ ಅದೇ ದನಿ. ಮೊದಮೊದಲು ಅವನು ಬೆವರುತ್ತಿದ್ದ. ಆಮೇಲೆ ಕಾಯತೊಡಗಿದ, ಅದು ಬಂದ ಮೇಲೆ ನಿರಾಳವಾಗುತ್ತಿತ್ತು. ಚಳಿಯಾದಾಗ ಗೂಟದ ಶಾಲು ಹೊದ್ದುಕೊಂಡ. ಒಂದು ದಿನ ಪೇಪರಿನ ಅಕ್ಷರ ಮಸುಕಾಗಿ ಕಂಡವು, ಕಿಟಕಿಯ ಮೇಲಿನ ಕನ್ನಡಕ ಹಾಕಿ ನೋಡಿದ. ಅವನ ಕಣ್ಣಿಗೇ ಮಾಡಿಸಿದ ಹಾಗೆ ಸರಿಯಾಗಿತ್ತು. ತನ್ನ ಚಪ್ಪಲಿ ಎಲ್ಲಿಟ್ಟೆ ಎಂಬುದು ಮರೆತುಹೋಗಿತ್ತು, ಬಾಗಿಲ ಬಳಿ ಇದ್ದದ್ದನ್ನೇ ಮೆಟ್ಟಿಕೊಂಡು ತೋಟದಲ್ಲಿ ಓಡಾಡಿದ. ಒಂದು ಬೆಳಗ್ಗೆ ಆ ಮುದುಕ ವರಾಂಡದಿಂದ, "ಮಾಸ್ತರ, ಚಹಾ ಆತೇನ್ರಿ?" ಎಂದು ಕೇಳಿದ. ಮುರಿಗೆಪ್ಪ, ಆಯಿತು ಎಂದ. ನಾಲ್ಕು ಹೆಜ್ಜೆ ಹೋದ ಮೇಲೆ ನಿಂತ. ಅವನ ಮೈಮೇಲಿನ ಕೂದಲೆಲ್ಲ ಎದ್ದು ನಿಂತಿದ್ದವು. ಆದರೂ ತಿರುಗಿ ಹೋಗಿ, ನಾನು ಮಾಸ್ತರ ಅಲ್ಲ ಎಂದು ಹೇಳಲಿಲ್ಲ.

ಭಾನುವಾರ ಶಕುಂತಲಾ ನೋಡಲು ಬರುತ್ತಿದ್ದಳು. ಒಂದು ಭಾನುವಾರ ಅವಳು ಗೇಟಿನ ಬಳಿ ನಿಂತು ಅವನನ್ನೇ ನೋಡುತ್ತ, ಅವನ ಹೆಸರು ಹಿಡಿದು ಕರೆದಳು. ಮದುವೆಯಾದ ಮೇಲೆ ಅವಳು ಗಂಡನ ಹೆಸರು ಹಿಡಿದದ್ದು ಅದೇ ಮೊದಲು. ಅವನು ತೋಟದ ದಾರಿಯಲ್ಲಿ ಶಾಲು ಹೊದ್ದು ನಡೆಯುತ್ತಲೇ ಇದ್ದ. ಅವಳು ಮೂರು ಸಲ ಕರೆದಳು. ಅವನು ತಿರುಗಲಿಲ್ಲ.

ಅವಳು ಅಲ್ಲಿಂದ ಮನೆಗೆ ಹೋಗಲಿಲ್ಲ, ನದಾಫ್ ಮೇಡಂ ಅವರ ಮನೆಗೆ ಹೋದಳು. ಗಂಡ ಯಾರೋ ಹಾಲಪ್ಪ ಮಾಸ್ತರರ ಶಾಲು ಹೊದ್ದು ತಿರುಗುತ್ತಿದ್ದಾನೆ, ಆ ಮಾಸ್ತರರು ಮಾತ್ರ ಒಂದು ಭಾನುವಾರವೂ ಕಾಣಲಿಲ್ಲ ಎಂದಳು. ಮರುದಿನ ಮಧ್ಯಾಹ್ನ ಮೇಡಂ ಯಾರಿಗೂ ತಿಳಿಸದೆ, ಶಕುಂತಲಾ ಮತ್ತು ಇಬ್ಬರು ಪೊಲೀಸರ ಜೊತೆ ಆನಂದ ನಿಲಯಕ್ಕೆ ಬಂದರು. ಶ್ರೀಪಾದನನ್ನು ಪೊಲೀಸರ ಹತ್ತಿರ ಕೂರಿಸಿ, ನೆಟ್ಟಗೆ ಮುರಿಗೆಪ್ಪನ ಕೋಣೆಗೆ ನಡೆದರು. ಥರ್ಮಾಸ್ ಅರ್ಧ ಖಾಲಿಯಾಗಿತ್ತು. ಮೇಡಂ ಅದನ್ನು ಮೂಸಿ ನೋಡಿ ಪಕ್ಕಕ್ಕಿಟ್ಟರು, ಬೈಯಲಿಲ್ಲ. ಹಾಲಪ್ಪ ಮಾಸ್ತರರು ಎಲ್ಲಿ ಎಂದು ಕೇಳಿದರು.

ಹೊರಗೆ ಹೋಗಿದ್ದಾರೆ, ಬರುತ್ತಾರೆ ಎಂದ ಮುರಿಗೆಪ್ಪ. ಆ ಉತ್ತರ ತಾನಾಗಿಯೇ ಬಾಯಿಂದ ಬಂದಿತ್ತು.

ಮೇಡಂ ನಡೆದದ್ದು ಹೇಳಿದರು. ಬಂಗಲೆಯ ಹಿಂದೆ ಗುಡ್ಡದಾಚೆ ಒಂದು ಹಳೆಯ ಕಲ್ಲು ಕ್ವಾರಿ ಇದೆ. ಅದರ ನೀರಿನಲ್ಲಿ ಕುರಿ ಕಾಯುವವರಿಗೆ ಹೋದ ವಾರ ಒಂದು ಹೆಣ ಸಿಕ್ಕಿತ್ತು. ಗುರುತು ಸಿಗದೆ ಉಳಿದಿತ್ತು. ಇವತ್ತು ಬೆಳಗ್ಗೆ ಮೇಡಂ ಹಾಲಪ್ಪ ಮಾಸ್ತರರ ತಮ್ಮನನ್ನು ಕರೆಸಿ ತೋರಿಸಿದಾಗ, ಅವನು ಅಂಗಿ, ಉಡುದಾರ ಎಲ್ಲ ನೋಡಿ ಗುರುತು ಹಿಡಿದಿದ್ದ. ಮಾಸ್ತರರು ಈ ಕೋಣೆಯಲ್ಲಿ ಕುಡಿದು, ಬರಿಗಾಲಲ್ಲಿ ಹೊರಗೆ ಹೋಗಿ, ಕ್ವಾರಿಗೆ ಬಿದ್ದಿದ್ದರು. ಮುರಿಗೆಪ್ಪ ಇಲ್ಲಿಗೆ ಬರುವುದಕ್ಕೆ ಎಷ್ಟೋ ಮೊದಲೇ. ಮಾಸ್ತರರು ತಿರುಗಿ ಬರಲಿಲ್ಲ ಎಂದು ತಿಳಿಸಿದರೆ ಆನಂದ ನಿಲಯಕ್ಕೆ ಸಿಕ್ಕ ಒಪ್ಪಿಗೆ ರದ್ದಾಗುತ್ತದೆ ಎಂದು ಶ್ರೀಪಾದ ಸುದ್ದಿ ಮುಚ್ಚಿಟ್ಟಿದ್ದ. ಯಾರೂ ಹುಡುಕಲು ಹೋಗಲಿಲ್ಲ.

"ಆದ್ರ ಅವ್ರು ದಿನಾ ಹಾಜರಿ ಹೇಳ್ತಾರ್ರಿ," ಎಂದ ಮುರಿಗೆಪ್ಪ. "ನಾನು ಕಿವ್ಯಾರೆ ಕೇಳೇನಿ."

ಮೇಡಂ ಮೊಬೈಲ್ ತೆಗೆದು ರೆಕಾರ್ಡಿಂಗ್ ಹಾಕಿದರು. ಶ್ರೀಪಾದನ ಮೆತ್ತನೆಯ ದನಿ ಹೆಸರು ಕರೆಯಿತು. ಒಬ್ಬೊಬ್ಬರ ಉತ್ತರ ಬಂತು. ಮುರಿಗೆಪ್ಪ ಎಂದಾಗ ಅವನದೇ ದನಿ. ಆಮೇಲೆ ಹಾಲಪ್ಪ ಮಾಸ್ತರ ಎಂಬ ಕರೆ, ಆ ಉದ್ದ ಮೌನ. ಮೌನದ ಕೊನೆಗೆ ಮತ್ತೆ ಅವನದೇ ದನಿ, ಸ್ವಲ್ಪ ಮುದಿಯಾಗಿ, ಸ್ವಲ್ಪ ಕೆಮ್ಮು ಸೇರಿಸಿ:

"ಅದೀನ್ರಿ."

ಮೇಡಂ ಇನ್ನೊಂದು ದಿನದ್ದು ಹಾಕಿದರು. ಮತ್ತೊಂದು ದಿನದ್ದು. ಅವನು ಬಂದ ಮೊದಲನೆಯ ಸಂಜೆಯದನ್ನೂ ಹಾಕಿದರು. ಎಲ್ಲದರಲ್ಲೂ ಅವನೇ. ಅದಕ್ಕೂ ಹಿಂದಿನ ವಾರಗಳಲ್ಲಿ ಆ ಮುದುಕನ ದನಿ ಇತ್ತು, ಮಾಸ್ತರರು ಹೋದ ಮೇಲೆ, ಮುರಿಗೆಪ್ಪ ಬರುವವರೆಗೆ ಆ ಕೋಣೆಯಲ್ಲಿ ಮುದುಕನೇ ಮಲಗುತ್ತಿದ್ದ. ಉತ್ತರ ಕೊಡು ಎಂದು ಶ್ರೀಪಾದ ಯಾರಿಗೂ ಹೇಳಿರಲಿಲ್ಲ. ಹೆಸರು ಕರೆದು ಕಾಯುತ್ತಿದ್ದ, ಅಷ್ಟೇ. ಮತ್ತಿನಲ್ಲಿದ್ದವರು, ಮೌನ ತಡೆಯಲಾರದವರು, ತಾವಾಗಿಯೇ ಸತ್ತವನಾಗಿ ಮಾತಾಡುತ್ತಿದ್ದರು.

"ಮಾಸ್ತರರು ಸತ್ತು ಹೋಗ್ಯಾರ," ಎಂದರು ನದಾಫ್ ಮೇಡಂ. "ಅವ್ರನ್ನ ಇಷ್ಟು ದಿನ ನನ್ನ ಮುಂದ ಬದುಕಿಸಿಟ್ಟಿದ್ದು ನೀವು. ಈಗ ಹೇಳ್ರಿ, ನೀವು ಬದುಕೀರೇನು?"

ಮುರಿಗೆಪ್ಪ ಮೈಮೇಲಿನ ಶಾಲು ತೆಗೆಯಲು ಹೋದ. ಗಂಟು ಬಿಚ್ಚಲು ಬರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಶಕುಂತಲಾ ಬಂದು ಬಿಚ್ಚಿ, ಮಡಚಿ, ಮಾಸ್ತರರ ತಮ್ಮನಿಗೆ ಮುಟ್ಟಿಸಿರೆಂದು ಮೇಡಂ ಕೈಗೆ ಕೊಟ್ಟಳು.

ಆನಂದ ನಿಲಯಕ್ಕೆ ಬೀಗ ಬಿತ್ತು. ಶ್ರೀಪಾದನ ಮೇಲೆ ಕೇಸಾಯಿತು. ಮುರಿಗೆಪ್ಪ ಷರತ್ತು ಮುರಿದದ್ದು ಮತ್ತೆ ಅದೇ ನ್ಯಾಯಾಧೀಶರ ಮುಂದೆ ಬಂತು. ವಕೀಲರು ಅವನಿಗೆ ಒಂದು ದಾರಿ ಹೇಳಿಕೊಟ್ಟಿದ್ದರು, ಮೋಸ ಮಾಡಿ ಕುಡಿಸಿದರು ಎನ್ನಿ ಎಂದು. ಅವನು ಕಟಕಟೆಯಲ್ಲಿ ನಿಂತು, ವಾಸನೆ ಗೊತ್ತಾದ ಮೇಲೂ ನಾನೇ ಕುಡಿದೆ ಎಂದ. ಜೈಲಿಗೆ ಕಳಿಸಿದರೆ ಹೋಗುತ್ತೇನೆ, ಕಳಿಸದಿದ್ದರೆ ನೀಲಗಂಗವ್ವನ ಮನೆಗೆ ಕಳಿಸಿ ಎಂದು ಕೇಳಿಕೊಂಡ. ನ್ಯಾಯಾಧೀಶರು ಇದು ಕೊನೆಯ ಅವಕಾಶ ಎಂದು ಬರೆಸಿ, ವರ್ಷವನ್ನು ಮೊದಲಿನಿಂದ ಎಣಿಸಲು ಹೇಳಿದರು.

ನೀಲಗಂಗವ್ವ ಬಾಗಿಲಲ್ಲೇ ನಿಲ್ಲಿಸಿದಳು. ಅವನು ಹೇಳಿಸಿಕೊಳ್ಳದೆ ಬಾಯಿ ತೆರೆದು ಉಸಿರು ಬಿಟ್ಟ. ಈ ಸಲ ಕಿವಿ ಕೆಂಪಾಗಲಿಲ್ಲ.

ಆ ಮನೆಯಲ್ಲಿ ಸುಖವಾಗಿತ್ತು ಅಂದುಕೊಳ್ಳಬೇಡಿ. ಮೊದಲ ವಾರ ಅವನಿಗೆ ಕೈಕಾಲು ಅದುರಿ, ವಾಂತಿಯಾಗಿ, ಡಾಕ್ಟರನ್ನು ಕರೆಸಬೇಕಾಯಿತು. ಬೆಳ್ಳುಳ್ಳಿ ಬಿಡಿಸಿ ಉಗುರು ಉರಿದವು. ಎಲ್ಲಿಗೆ ಹೋಗಿದ್ದಿರಿ, ಯಾಕೆ ತಡವಾಯಿತು, ಮುಖ ಯಾಕೆ ಸಪ್ಪಗಿದೆ ಎಂದು ಎಲ್ಲರೂ ಎಲ್ಲವನ್ನೂ ಕೇಳುತ್ತಿದ್ದರು. ಅವನಿಗೆ ಸಿಟ್ಟು ಬರುತ್ತಿತ್ತು. ಒಂದು ಸಂಜೆ ತಟ್ಟೆ ಹಾಕುವ ಹೊತ್ತಿಗೆ ಫಕೀರೇಶ ಎಂಬ ಲಾರಿ ಡ್ರೈವರ್ ಬಂದಿರಲಿಲ್ಲ. ಮುರಿಗೆಪ್ಪ ಅಭ್ಯಾಸಬಲದಿಂದ, ಹೊರಗೆ ಹೋಗಿದ್ದಾನೆ, ಬರುತ್ತಾನೆ ಎಂದ. ನೀಲಗಂಗವ್ವ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು.

"ಬರ್ತಾನು ಅಂತ ಕುಂತ್ರ ಬರಾಂಗಿಲ್ಲ," ಎಂದಳು. "ಏಳ್ರಿ ಎಲ್ಲಾರೂ."

ಒಲೆ ಆರಿಸಿ, ಅನ್ನ ಮುಚ್ಚಿಟ್ಟು, ಮನೆಯ ಮಂದಿಯೆಲ್ಲ ಓಣಿಗೆ ಇಳಿದರು. ಮುರಿಗೆಪ್ಪನೂ ಹೋದ. ಫಕೀರೇಶ, ಫಕೀರೇಶ ಎಂದು ಕೂಗುತ್ತ ಗೂಡ್ಸ್ ಶೆಡ್ಡಿನ ಸುತ್ತ ನಡೆಯುವಾಗ ಅವನಿಗೆ ಮತ್ತೆ ಆ ಮೌನ ಎದುರಾಯಿತು. ಹೆಸರು ಕರೆದ ಮೇಲೆ ಬರುವ ಅದೇ ಮೌನ. ಗಂಟಲಿನವರೆಗೆ ಉತ್ತರ ಬಂದು ನಿಂತಿತು. ಅವನು ಹಲ್ಲು ಕಚ್ಚಿಕೊಂಡ. ಮೌನ ಹಾಗೇ ಇರಲಿ ಎಂದು ಬಿಟ್ಟ, ಮತ್ತೆ ಕೂಗಿದ, ಮತ್ತೆ ಕಾದ. ಕೊನೆಗೆ ಬಾರಿನ ಎದುರಿನ ಕಟ್ಟೆಯ ಕತ್ತಲಲ್ಲಿ ಕೂತಿದ್ದ ಒಬ್ಬ ಮನುಷ್ಯ, ಅಳುತ್ತಿದ್ದ ದನಿಯಲ್ಲಿ, ಇಲ್ಲಿದ್ದೇನೆ ಎಂದ. ಅವನ ಕೈಯಲ್ಲಿ ಮುಚ್ಚಳ ತೆಗೆಯದ ಬಾಟಲಿ ಇತ್ತು. ಒಳಗೆ ಇನ್ನೂ ಒಂದು ಗುಟುಕೂ ಹೋಗಿರಲಿಲ್ಲ.

ಮುರಿಗೆಪ್ಪನ ವರ್ಷ ಮುಗಿಯಿತು. ಕೋರ್ಟು ಬಿಡುಗಡೆ ಮಾಡಿತು. ಅವನು ದುರ್ಗವ್ವನ ಮನೆಗೆ ಹೋಗಿ ಬಾಗಿಲಲ್ಲಿ ನಿಂತ. ಅವಳು ಒಳಗೆ ಕರೆಯಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಕುಡಿಯುವುದು ಬಿಟ್ಟಿರಾ ಎಂದು ಕೇಳಿದಳು. ಇವತ್ತಿನವರೆಗೆ ಬಿಟ್ಟಿದ್ದೇನೆ ಎಂದ. ನಾಳೆಯೂ ಬಂದು ಹೇಳಿ ಎಂದಳು. ಇವತ್ತಿಗೂ ಅವನು ಹೋಗಿ ಹೇಳುತ್ತಾನಂತೆ. ಮನೆಯಲ್ಲಿ ಶಕುಂತಲಾ ಅಡಿಗೆ ಮನೆಯಿಂದ ಕರೆದರೆ ಅವನು ತಕ್ಷಣ ಓಗೊಡುವುದಿಲ್ಲವಂತೆ. ಕರೆದದ್ದು ಯಾರನ್ನು ಎಂದು ಒಂದು ಕ್ಷಣ ಯೋಚಿಸಿ, ಆಮೇಲೆ ಬಾಯಿ ತೆರೆಯುತ್ತಾನಂತೆ.

ಕಥೆ ಇಷ್ಟೇ. ಈಗ ನಿಮ್ಮ ಕಡೆ ಬರುತ್ತೇನೆ.

ಶ್ರೀಪಾದನನ್ನು ಬೈದಿರಿ ಅಲ್ಲವೇ ಮನಸ್ಸಿನಲ್ಲಿ? ನಿಮ್ಮ ಮನೆಗಳಲ್ಲಿ ಏನು ನಡೆಯುತ್ತಿದೆ? ಮಗ ಕುಡಿದು ಬಿದ್ದಿರುತ್ತಾನೆ, ಕೆಲಸದ ಕಡೆಯಿಂದ ಫೋನ್ ಬರುತ್ತದೆ. ಯಾರು ಎತ್ತುತ್ತೀರಿ? ತಾಯಂದಿರು ನೀವು ಎತ್ತುತ್ತೀರಿ. ಜ್ವರ ಬಂದಿದೆ ಅನ್ನುತ್ತೀರಿ. ಗಂಡ ಎಲ್ಲಿ ಎಂದು ನೆರೆಯವರು ಕೇಳಿದರೆ, ಮಲಗಿದ್ದಾರೆ ಅನ್ನುತ್ತೀರಿ. ಅಣ್ಣ ಹೇಗಿದ್ದಾನೆ ಎಂದರೆ, ಚೆನ್ನಾಗಿದ್ದಾನೆ ಅನ್ನುತ್ತೀರಿ. ಪ್ರೀತಿಯಿಂದ ಅನ್ನುತ್ತೀರಿ, ನನಗೆ ಗೊತ್ತು. ಮರ್ಯಾದೆಗೆ ಅನ್ನುತ್ತೀರಿ, ಅದೂ ಗೊತ್ತು. ಆದರೆ ನೀವು ಅವನ ಪರವಾಗಿ ಉತ್ತರ ಕೊಟ್ಟ ಪ್ರತಿ ಸಲವೂ ಅವನನ್ನು ಹುಡುಕಬೇಕಾದವರು ಹುಡುಕುವುದನ್ನು ನಿಲ್ಲಿಸುತ್ತಾರೆ.

ಆದ್ದರಿಂದ ನಾಳೆಯಿಂದ ಇಷ್ಟು ಮಾಡಿ. ಫೋನ್ ಬಂದರೆ ಸುಳ್ಳು ಹೇಳಬೇಡಿ. ಅವನು ಕುಡಿದಿದ್ದಾನೆ, ನಮಗೆ ಸಹಾಯ ಬೇಕು ಎಂದು ಹೇಳಿ, ಸ್ವಂತ ದನಿಯಲ್ಲಿ ಹೇಳಿ. ಅವನನ್ನು ಯಾವುದಾದರೂ ಮನೆಗೆ ಸೇರಿಸಬೇಕಾಗಿ ಬಂದರೆ ಹಾಸಿಗೆ ನೋಡಬೇಡಿ, ತೋಟ ನೋಡಬೇಡಿ, ಒಪ್ಪಿಗೆಯ ಕಾಗದ ಇದ್ದರೆ ಸಾಕೆಂದು ತಿರುಗಿ ಬರಬೇಡಿ. ನಡೆಸುವವರನ್ನು ಒಂದೇ ಮಾತು ಕೇಳಿ: ಒಂದು ಸಂಜೆ ಇವನು ಬರದಿದ್ದರೆ ನೀವು ಏನು ಮಾಡುತ್ತೀರಿ? ಸರಿಯಾದ ಉತ್ತರ ಬರುವವರೆಗೆ ಅವರ ಬಾಗಿಲು ಬಿಟ್ಟು ಕದಲಬೇಡಿ.

ಇನ್ನು, ಇಲ್ಲಿ ಕೂತವರಲ್ಲೇ ಯಾರ ಜೇಬಿನಲ್ಲಾದರೂ ಆ ಬಾಟಲಿ ಇದ್ದರೆ, ನಾನು ಹೆಸರು ಹಿಡಿದು ಕರೆಯುವುದಿಲ್ಲ. ಎಲ್ಲರೂ ಎದ್ದು ಹೋದ ಮೇಲೆ ನೀವು ಸ್ವಲ್ಪ ಕೂತಿರಿ. ನಾನೂ ಕೂತಿರುತ್ತೇನೆ.